ಮುಂದೂಡಿದ ಮೂರು ದಿನ

ಮನುಷ್ಯನಿಗೆ ಎಪ್ಪತ್ತು ವರ್ಷ ತುಂಬುವುದು ಅವನ ಸಾಮರ್ಥ್ಯದಿಂದೇನೂ ಅಲ್ಲ. ಆದರೂ ತುಂಬಿದಾಗ ಮನೆಯವರು ಅದನ್ನೊಂದು ಸಾಧನೆಯೆಂದು ಭಾವಿಸಿ ಸಂಭ್ರಮಪಡುತ್ತಾರೆ. 2023ರ ಫೆಬ್ರವರಿಯಲ್ಲಿ ನನಗೂ ಎಪ್ಪತ್ತು ತುಂಬಿತು. ಭೀಮರಥ ಶಾಂತಿ ಆಗಲೇಬೇಕೆಂದು ಮನೆಯಾಕೆ ಹಟ ಹಿಡಿದಳು. ನನಗೂ ಒಳಗೊಳಗೆ ಆಸೆಯಿಲ್ಲದಿರಲಿಲ್ಲ.

ಆ ದಿನವನ್ನು ಗೊತ್ತುಮಾಡಲು ನಾವು ಎಷ್ಟು ಜನರನ್ನು ಕೇಳಿದೆವೆಂಬುದನ್ನು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಪುರೋಹಿತರನ್ನು ಕೇಳಿದೆವು, ಅವರು ಪಂಚಾಂಗವನ್ನು ಕೇಳಿದರು. ಛತ್ರದವರನ್ನು ಕೇಳಿದೆವು, ಅವರು ತಮ್ಮ ರಿಜಿಸ್ಟರನ್ನು ಕೇಳಿದರು. ಅಡಿಗೆಯವರಿಗೆ ಆ ದಿನ ಬೇರೆ ಮದುವೆಯಿಲ್ಲವೆಂದು ಖಚಿತಮಾಡಿಕೊಂಡೆವು. ಪುಣೆಯಲ್ಲಿದ್ದ ಮಗನ ರಜೆ, ಮೊಮ್ಮಗಳ ಪರೀಕ್ಷೆ, ನನ್ನ ಅಣ್ಣನವರ ಮಂಡಿನೋವು, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ತಿಂಗಳ ಎರಡನೆಯ ಭಾನುವಾರವೆಂದು ತೀರ್ಮಾನಿಸಿ ಕಾರ್ಡು ಅಚ್ಚು ಹಾಕಿಸಿದೆವು. ಒಬ್ಬರನ್ನು ಮಾತ್ರ ಕೇಳಲಿಲ್ಲ. ಆಕೆ ನನ್ನ ಸೊಸೆ. ಕೇಳಬೇಕಾದ ಸಂಗತಿಯೊಂದು ಉಂಟೆಂಬುದೇ ನನಗೆ ಹೊಳೆಯಲಿಲ್ಲ. ಹೊಳೆದಿದ್ದ ಮನೆಯಾಕೆಗೆ ಕೇಳುವ ಅಗತ್ಯ ಕಾಣಲಿಲ್ಲ. ಏಕೆಂದರೆ ಅದಕ್ಕೆ ಈಗ ಮಾತ್ರೆ ಉಂಟು.

ಶಾಂತಿ ಸಾಂಗವಾಗಿ ನಡೆಯಿತು. ಮಗನೂ ಸೊಸೆಯೂ ಕಲಶದ ನೀರನ್ನು ನಮ್ಮಿಬ್ಬರ ತಲೆಯ ಮೇಲೆ ಸುರಿದರು. ಸೊಸೆ ಆರತಿ ಎತ್ತಿದಳು. ಮರುದಿನ ಮನೆದೇವರ ದರ್ಶನಕ್ಕೆಂದು ಕಾರಿನಲ್ಲಿ ತಿರುಪತಿಗೆ ಹೋಗಿಬಂದೆವು. ಮಗನ ಸಂಸಾರ ಬಂದದ್ದೂ ಬಸ್ಸಿನಲ್ಲಿ, ಹಿಂದಿರುಗಿದ್ದೂ ಬಸ್ಸಿನಲ್ಲಿ. ಪುಣೆಗೂ ಮೈಸೂರಿಗೂ ನಡುವೆ ಒಂದು ರಾತ್ರಿಗಿಂತ ಹೆಚ್ಚಿನ ಪ್ರಯಾಣ. ಅವರು ಊರು ತಲಪಿದ ಮೂರನೆಯ ದಿನ ಮಗ ದೂರವಾಣಿಯಲ್ಲಿ ಮಾತನಾಡಿದ. ಸೊಸೆಯ ಎಡಗಾಲಿನ ಮೀನಖಂಡ ಊದಿಕೊಂಡು ಕಾಲೂರಲಾಗದೆ ಆಸ್ಪತ್ರೆಗೆ ಕರೆದುಕೊಂಡು ಹೋದನಂತೆ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂದು ಸ್ಕ್ಯಾನಿನಲ್ಲಿ ಗೊತ್ತಾಯಿತಂತೆ. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿದ್ದರೆ ಏನಾಗಬಹುದಿತ್ತೆಂಬುದನ್ನು ಮಗ ಹೇಳಲಿಲ್ಲ. ನಾನೇ ಆಮೇಲೆ ಓದಿ ತಿಳಿದುಕೊಂಡೆ.

ದೇವರು ದೊಡ್ಡವನು; ಅವಳು ಚೇತರಿಸಿಕೊಂಡಳು. ಆರು ತಿಂಗಳು ರಕ್ತವನ್ನು ತಿಳಿಮಾಡುವ ಔಷಧಿ ತೆಗೆದುಕೊಂಡಳು. ವೈದ್ಯರು ಮೊದಲ ದಿನವೇ ಕೇಳಿದ ಪ್ರಶ್ನೆ, ‘ಇತ್ತೀಚೆಗೆ ಯಾವುದಾದರೂ ಮಾತ್ರೆ ನುಂಗಿದ್ದೀರಾ?’ ಎಂಬುದು. ನುಂಗಿದ್ದಳು, ಹತ್ತು ದಿನ, ದಿನಕ್ಕೆ ಮೂರರಂತೆ. ನನ್ನ ಆಯುಸ್ಸು ಹೆಚ್ಚಲೆಂದು ಮಾಡಿದ ಶಾಂತಿಗಾಗಿ.

ಆ ವೈದ್ಯರು ನ್ಯಾಯವಂತರು. ಎಲ್ಲ ತಪ್ಪನ್ನೂ ಮಾತ್ರೆಯ ಮೇಲೆ ಹೊರಿಸಬೇಡಿರೆಂದು ಅವರೇ ಹೇಳಿದರು. ಹದಿನೈದು ದಿನದೊಳಗೆ ಕಾಲು ಮಡಿಸಿ ಕುಳಿತ ಅಷ್ಟೊಂದು ಪ್ರಯಾಣ. ಸೊಸೆಯ ತಾಯಿಗೂ ಹಿಂದೊಮ್ಮೆ ಬಾಣಂತನದಲ್ಲಿ ಹೀಗೆಯೇ ಆಗಿತ್ತೆಂಬ ಚರಿತ್ರೆ. ಇವೆರಡರ ಮೇಲೆ ಮಾತ್ರೆ. ‘ಮೊದಲೇ ಯಾರಾದರೂ ಕೇಳಿದ್ದರೆ ಈ ಮಾತ್ರೆಯನ್ನು ಇವರಿಗೆ ಕೊಡುತ್ತಿರಲಿಲ್ಲ’ ಎಂದರಂತೆ. ಯಾರೂ ಕೇಳಿರಲಿಲ್ಲ. ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಮಾತ್ರೆಯ ಹೆಸರು ಕೇಳಿದರು, ಹಣ ತೆಗೆದುಕೊಂಡರು. ವೈದ್ಯರ ಚೀಟಿಯನ್ನು ಕೇಳಲಿಲ್ಲ. ಆ ಹೆಸರನ್ನು ಮನೆಯಾಕೆಗೆ ಹೇಳಿಕೊಟ್ಟವರು ಪಕ್ಕದ ಮನೆಯವರು. ಅವರಿಗೆ ಅವರ ನಾದಿನಿ.

ಇಲ್ಲಿ ನನ್ನ ಇನ್ನೊಂದು ಲಜ್ಜೆಯನ್ನೂ ಹೇಳಿಬಿಡಬೇಕು. ನಾನು ಮೂವತ್ತೈದು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳಿದವನು. ಈ ಮಾತ್ರೆಯೊಳಗಿನ ವಸ್ತುವಿನ ಹೆಸರು ನಾರೆಥಿಸ್ಟಿರೋನ್. ಅದರ ನಾಲ್ಕು ಉಂಗುರಗಳ ಚಿತ್ರವನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ! 1951ರ ಅಕ್ಟೋಬರಿನಲ್ಲಿ ಮೆಕ್ಸಿಕೋ ನಗರದ ಸಿಂಟೆಕ್ಸ್ ಪ್ರಯೋಗಾಲಯದಲ್ಲಿ ಕಾರ್ಲ್ ಜೆರಾಸಿ ಮತ್ತು ಜಾರ್ಜ್ ರೋಸೆನ್‌ಕ್ರಾಂಜ್ ಅವರ ಮಾರ್ಗದರ್ಶನದಲ್ಲಿ ಲೂಯಿಸ್ ಮಿರಮೋಂಟೆಸ್ ಎಂಬ ತರುಣ ಅದನ್ನು ತಯಾರಿಸಿದ ಕಥೆಯನ್ನು ಹುಡುಗರಿಗೆ ರಸವತ್ತಾಗಿ ಹೇಳುತ್ತಿದ್ದೆ. ಮೆಕ್ಸಿಕೋದ ಕಾಡುಗೆಣಸಿನಿಂದ ಹೊರಟು ಗರ್ಭನಿರೋಧದ ಮಾತ್ರೆಯವರೆಗೆ ಬಂದ ದಾರಿ ಅದು. ಅದೇ ಅಣು ನನ್ನ ಅಡಿಗೆಮನೆಯಲ್ಲಿ ಸಾರಿನ ಪುಡಿಯ ಡಬ್ಬದ ಪಕ್ಕದಲ್ಲಿ ಕುಳಿತಿದ್ದಾಗ ನನಗೆ ಗುರುತು ಹತ್ತಲಿಲ್ಲ. ಅದು ಹೆಂಗಸರ ವಿಷಯ. ನಾನು ಆ ಡಬ್ಬಗಳ ಕಡೆಗೆ ನೋಡುವವನಲ್ಲ.

ಮಾತ್ರೆ ಮಾಡುವ ಕೆಲಸ ಸರಳವಾದದ್ದು. ತಿಂಗಳ ಕೊನೆಯಲ್ಲಿ ಹೆಣ್ಣಿನ ಮೈಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಇಳಿದಾಗ ಗರ್ಭಕೋಶದ ಒಳಪದರ ಆಸರೆ ತಪ್ಪಿ ಕಳಚಿ ಹೊರಬೀಳುತ್ತದೆ. ಅದೇ ಮುಟ್ಟು. ನಿರೀಕ್ಷಿಸಿದ ದಿನಕ್ಕೆ ಮೂರು ದಿನ ಮುಂಚಿನಿಂದ ಐದು ಮಿಲಿಗ್ರಾಮಿನ ಮಾತ್ರೆಯನ್ನು ದಿನಕ್ಕೆ ಮೂರು ಸಲ ನುಂಗಿದರೆ, ಹಾರ್ಮೋನು ಇನ್ನೂ ಇಳಿದಿಲ್ಲವೆಂದು ಗರ್ಭಕೋಶ ನಂಬಿ ಕಾಯುತ್ತದೆ. ನುಂಗುವುದನ್ನು ನಿಲ್ಲಿಸಿದ ಎರಡು ಮೂರು ದಿನಕ್ಕೆ ನಿಂತದ್ದು ಬರುತ್ತದೆ. ಬಹುಮಂದಿಗೆ ಇದರಿಂದ ದೊಡ್ಡ ತೊಂದರೆಯೇನೂ ಇಲ್ಲ. ಕೆಲವರಿಗೆ ಓಕರಿಕೆ, ತಲೆನೋವು, ಹೊಟ್ಟೆಯುಬ್ಬರ, ಎದೆಯ ಬಿಗಿತ, ಕಾರಣವಿಲ್ಲದ ಬೇಸರ. ಒಮ್ಮೊಮ್ಮೆ ಮಾತ್ರೆಯನ್ನು ಮೀರಿ ಹನಿ ಕಾಣುವುದೂ ಉಂಟು. ಮುಂದೆ ಮಕ್ಕಳಾಗುವುದಿಲ್ಲವೆಂಬ ಭಯಕ್ಕೆ ಆಧಾರವಿಲ್ಲ. ಈ ರೀತಿ ನುಂಗಿದರೆ ಗರ್ಭ ನಿಲ್ಲುವುದಿಲ್ಲವೆಂಬ ನಂಬಿಕೆಗೂ ಆಧಾರವಿಲ್ಲ.

ಆದರೆ ಅಂಗಡಿಯವರು ಹೇಳದ ಒಂದು ಮಾತು ಉಂಟು. ಈ ಪ್ರಮಾಣದಲ್ಲಿ ನುಂಗಿದಾಗ ನಾರೆಥಿಸ್ಟಿರೋನಿನ ಒಂದು ಸಣ್ಣ ಅಂಶ ಮೈಯೊಳಗೆ ಈಸ್ಟ್ರೋಜನ್ ಜಾತಿಯ ಇನ್ನೊಂದು ವಸ್ತುವಾಗಿ ಮಾರ್ಪಡುತ್ತದೆ. ಎರಡು ಹಾರ್ಮೋನುಗಳನ್ನು ಸೇರಿಸಿದ ಗರ್ಭನಿರೋಧಕ ಮಾತ್ರೆಯಲ್ಲಿ ಇರುವ ವಸ್ತುವೇ ಅದು. ರಕ್ತ ಹೆಪ್ಪುಗಟ್ಟುವ ಸಂಭವವನ್ನು ಅದು ಹೆಚ್ಚಿಸುತ್ತದೆ. ಹೆದರಿಸುವುದಕ್ಕಾಗಿ ಹೇಳುತ್ತಿಲ್ಲ. ಯಾವ ಹಾರ್ಮೋನನ್ನೂ ಸೇವಿಸದ, ಗರ್ಭಿಣಿಯೂ ಅಲ್ಲದ ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಹೀಗಾಗುತ್ತದೆ. ಸಂಯುಕ್ತ ಮಾತ್ರೆ ಸೇವಿಸುವವರಲ್ಲಿ ಐದರಿಂದ ಹನ್ನೆರಡು ಮಂದಿಗೆ. ಅಪರೂಪವೇ. ಆದರೆ ತನಗಾಗಲಿ ಒಡಹುಟ್ಟಿದವರಿಗಾಗಲಿ ತಾಯಿತಂದೆಗಾಗಲಿ ಹಿಂದೆ ಹೆಪ್ಪುಗಟ್ಟಿದ್ದರೆ, ಕಣ್ಣಮುಂದೆ ಮಿಂಚಿನ ಗೆರೆಗಳು ಹೊಳೆದು ಬರುವ ತಲೆನೋವಿದ್ದರೆ, ಸ್ಥೂಲಕಾಯವಿದ್ದರೆ, ಯಕೃತ್ತಿನ ಕಾಯಿಲೆಯಿದ್ದರೆ, ಆ ಅಪರೂಪ ಹತ್ತಿರಕ್ಕೆ ಬರುತ್ತದೆ. ಅಂಥವರಿಗೆ ವೈದ್ಯರು ಬೇರೆ ಔಷಧಿ ಹೇಳಬಲ್ಲರು, ಇಲ್ಲವೆ ಬೇಡವೆನ್ನಬಲ್ಲರು. ಅದಕ್ಕಾಗಿಯೇ ಇದು ಚೀಟಿಯಿಲ್ಲದೆ ಕೊಡಬಾರದ ಮಾತ್ರೆ.

ವೈದ್ಯಶಾಸ್ತ್ರದ ಮಾತು ಇಲ್ಲಿಗೆ ಮುಗಿಯಿತು. ವೈದ್ಯರನ್ನು ಕೇಳಿ ನುಂಗಿದ್ದರೆ ಎಲ್ಲವೂ ಸರಿಯಾಗುತ್ತಿತ್ತೆ? ಹಲವು ದಿನ ನಾನೂ ಹಾಗೆಂದೇ ಸಮಾಧಾನ ಹೇಳಿಕೊಂಡೆ. ಆದರೆ ಮನಸ್ಸು ಒಪ್ಪಲಿಲ್ಲ. ಸೊಸೆಗೆ ಏನೂ ಆಗದೆ ಇದ್ದಿದ್ದರೂ ಅಲ್ಲಿ ಒಂದು ಅನ್ಯಾಯ ನಡೆದೇ ಇತ್ತೆಂದು ಅದು ಹೇಳುತ್ತಿತ್ತು. ಆ ಅನ್ಯಾಯ ಯಾವುದೆಂಬುದನ್ನು ಬಿಡಿಸಿ ನೋಡುವುದಕ್ಕಾಗಿಯೇ ಈ ಬರಹ.

ಮಾತ್ರೆಯನ್ನೇ ದೂರುವುದು ಸುಲಭ, ಅದು ತಪ್ಪು. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗಿ ನಿಶ್ಶಕ್ತರಾದವರಿಗೆ ಇದೇ ಮಾತ್ರೆ ಉಪಕಾರಿ. ನೋವಿನಿಂದ ಹೊರಳಾಡುವ ಹುಡುಗಿ ಪರೀಕ್ಷೆಯ ವಾರದಲ್ಲಿ ವೈದ್ಯರನ್ನು ಕಂಡು ಅದನ್ನು ನುಂಗಿದರೆ ಯಾರು ಏನೆನ್ನಬೇಕು? ಓಟದ ಸ್ಪರ್ಧೆಗೆ ವರ್ಷಗಟ್ಟಲೆ ತಯಾರಾದವಳು ಆ ದಿನವನ್ನು ಕಳೆದುಕೊಳ್ಳಬೇಕೇಕೆ? ಜೀವಮಾನದ ಉಳಿತಾಯವನ್ನು ಕಟ್ಟಿಕೊಂಡು ಹಜ್ಜಿಗೆ ಹೋದ ಹೆಂಗಸು ಮುಟ್ಟಾದರೆ ಕಾಬಾದ ಪ್ರದಕ್ಷಿಣೆಗೆ ಶುದ್ಧಿಯಾಗುವವರೆಗೆ ಕಾಯಬೇಕು. ಹಿಂದಿರುಗುವ ವಿಮಾನ ಕಾಯುವುದಿಲ್ಲ. ಮೈಗೆ ಕೇಡಾಗದಿದ್ದರೆ ಮಾತ್ರೆ ನುಂಗಬಹುದೆಂದು ಅವರ ಧರ್ಮಪಂಡಿತರಲ್ಲಿ ಅನೇಕರು ಒಪ್ಪಿದ್ದಾರೆ. ಇಲ್ಲೆಲ್ಲ ಬಯಕೆ ಯಾರದೋ ನುಂಗುವುದೂ ಅವರೇ. ತನ್ನ ಗುರಿಗೆ ತನ್ನ ಮೈಯನ್ನು ಒಡ್ಡುವ ಅಧಿಕಾರ ಪ್ರತಿಯೊಬ್ಬರಿಗೂ ಉಂಟು. ಅದನ್ನು ಕಸಿದುಕೊಳ್ಳಲು ನಾನು ಯಾರು?

ಮನೆಯಾಕೆಯ ವಾದವನ್ನೂ ಮರೆಮಾಚದೆ ಹೇಳಬೇಕು. ಸೊಸೆ ಆಸ್ಪತ್ರೆಯಲ್ಲಿದ್ದ ರಾತ್ರಿ ಅವಳು ನಿದ್ದೆಮಾಡಲಿಲ್ಲ, ನಾನೂ ಮಾಡಲಿಲ್ಲ. ‘ನೀನು ಹೀಗೇಕೆ ಮಾಡಿದೆ?’ ಎಂದು ಕೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ಅಕ್ಕನ ಮದುವೆಯ ಕಥೆ ಹೇಳಿದಳು. ಪುತ್ತೂರಿನ ಕಡೆಯ ದೊಡ್ಡ ಮನೆ, ಅಂಗಳದಲ್ಲಿ ಚಪ್ಪರ. ಹದಿನಾಲ್ಕು ವರ್ಷದ ಇವಳು ಧಾರೆಯ ಹಿಂದಿನ ದಿನ ಹೊರಗಾದಳು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೂರಿಸಿದರು. ವಾಲಗ ಕೇಳುತ್ತಿತ್ತು, ಅಕ್ಕ ಕಾಣುತ್ತಿರಲಿಲ್ಲ. ಯಾರೋ ಎಲೆಯೊಂದನ್ನು ಬಾಗಿಲಲ್ಲಿಟ್ಟು ದೂರದಿಂದ ಬಡಿಸಿ ಹೋದರು. ಅಕ್ಕ ದಿಬ್ಬಣದೊಡನೆ ಹೊರಟಾಗ ಕಿಟಕಿಯ ಸರಳಿನಿಂದ ಸೀರೆಯ ಅಂಚು ಮಾತ್ರ ಕಂಡಿತಂತೆ. ‘ಅವಳಿಗೆ ಹಾಗಾಗಬಾರದೆಂದೇ ನಾನು ಮಾತ್ರೆ ತರಿಸಿದೆ. ಆಗ ನನಗೆ ಯಾರಾದರೂ ಅಂಥದೊಂದು ತಂದುಕೊಟ್ಟಿದ್ದರೆ ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದೆ’ ಎಂದಳು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಪಾಲಿಗೆ ಆ ಮಾತ್ರೆ ಕ್ರೌರ್ಯವಲ್ಲ, ಕರುಣೆ. ತಾನು ಪಟ್ಟ ಅವಮಾನವನ್ನು ಸೊಸೆಗೆ ತಪ್ಪಿಸಿದೆನೆಂದೇ ಅವಳು ನಂಬಿದ್ದಳು. ಕಟ್ಟಳೆ ಗಟ್ಟಿಯಾಗಿದ್ದ ಕಡೆ ದಯೆ ಹೀಗೆಯೇ ಕಳ್ಳದಾರಿ ಹುಡುಕಬೇಕಾಗುತ್ತದೆ. ಕೊಟ್ಟಿಗೆಯ ಪಕ್ಕದ ಕೋಣೆಗಿಂತ ಮಾತ್ರೆ ಮೇಲು, ಅದರಲ್ಲಿ ಸಂದೇಹವಿಲ್ಲ. ಆದರೆ ಈ ಎರಡೇ ಉಂಟೆಂದು ನಮಗೆ ಹೇಳಿದವರು ಯಾರು?

ಕಟ್ಟಳೆಯನ್ನೇ ಸ್ವಲ್ಪ ನೋಡೋಣ. ಮುಟ್ಟಾದವಳು ದೇವರ ಕೆಲಸಕ್ಕೆ ಬರಬಾರದೆಂಬುದು ನಿಜವಾದ ಧರ್ಮವೆಂದು ಒಬ್ಬನು ನಂಬುತ್ತಾನೆ ಎನ್ನಿ. ಅವನು ಮಾಡಬೇಕಾದದ್ದು ಏನು? ಅವಳಿಗೆ ಅನುಕೂಲವಾದ ದಿನವನ್ನು ಹುಡುಕಬೇಕು, ಸಿಕ್ಕದಿದ್ದರೆ ಕಾಯಬೇಕು. ಹಿಂದಿನವರು ಎಷ್ಟೋ ಮನೆಗಳಲ್ಲಿ ಹಾಗೆ ಮಾಡುತ್ತಿದ್ದರು. ನನ್ನ ತಾಯಿ ಮಡಿಯಲ್ಲಿ ಕಠಿಣಳು. ಆದರೆ ಅವಳು ದಿನ ಇಡುವ ಮೊದಲು ಮನೆಯ ಹೆಂಗಸರೆಲ್ಲರ ಲೆಕ್ಕವನ್ನೂ ಬೆರಳಿನ ಮೇಲೆ ಎಣಿಸುತ್ತಿದ್ದಳು. ಲೆಕ್ಕ ತಪ್ಪಿದರೆ ಪೂಜೆ ಮುಂದಕ್ಕೆ ಹೋಗುತ್ತಿತ್ತು. ಅವಳ ನಂಬಿಕೆ ನನ್ನದಲ್ಲ. ಆದರೂ ಆ ನಂಬಿಕೆಯ ಬೆಲೆಯಲ್ಲಿ ಒಂದು ಪಾಲನ್ನು ಅವಳು ತಾನೇ ಕೊಡುತ್ತಿದ್ದಳು.

ಇನ್ನೊಬ್ಬನು ಈ ಕಟ್ಟಳೆಯೇ ಹುಸಿಯೆಂದು ತಿಳಿಯುತ್ತಾನೆ. ಅವನು ಅದನ್ನು ಬಿಡಬೇಕು. ಇದು ಇಂಗ್ಲಿಷು ಓದಿದವರು ತಂದ ಹೊಸ ಮಾತೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಹೊರಟ ಶರಣರ ಪರಂಪರೆ ಪಂಚಸೂತಕಗಳನ್ನು ತಳ್ಳಿಹಾಕಿತು: ಹುಟ್ಟಿನದು, ಸಾವಿನದು, ಎಂಜಲಿನದು, ಜಾತಿಯದು, ರಜಸ್ಸಿನದು. ಲಿಂಗವನ್ನು ಮೈಮೇಲೆ ಧರಿಸಿದ ಹೆಣ್ಣು ತಿಂಗಳಲ್ಲಿ ಮೂರು ದಿನ ದೇವರಿಂದ ದೂರವಾಗುವುದು ಹೇಗೆಂದು ಆ ಪರಂಪರೆ ಎಂಟುನೂರು ವರ್ಷಗಳ ಹಿಂದೆಯೇ ಕೇಳಿತ್ತು.

ನಂಬಿದವನು ಕಾಯಬೇಕು, ನಂಬದವನು ಬಿಡಬೇಕು. ಎರಡೂ ನೇರವಾದ ದಾರಿಗಳು. ನಮ್ಮಂಥ ಪಟ್ಟಣದ ವಿದ್ಯಾವಂತರು ಹಿಡಿದಿರುವುದು ಮೂರನೆಯ ದಾರಿ. ಕಟ್ಟಳೆಯೂ ಬೇಕು, ಭಾನುವಾರವೂ ಬೇಕು, ಛತ್ರಕ್ಕೆ ಕೊಟ್ಟ ಮುಂಗಡವೂ ವ್ಯರ್ಥವಾಗಬಾರದು. ಇವು ಮೂರೂ ಹೊಂದಬೇಕಾದರೆ ಬಾಗಬೇಕಾದ್ದು ಒಂದೇ: ಅವಳ ಮೈ. ಪಂಚಾಂಗ ಬಾಗುವುದಿಲ್ಲ, ಅಡಿಗೆಯವರು ಬಾಗುವುದಿಲ್ಲ. ಗರ್ಭಕೋಶ ಬಾಗುತ್ತದೆ, ಏಕೆಂದರೆ ಅದಕ್ಕೆ ದಾಕ್ಷಿಣ್ಯವಿಲ್ಲದ ಉಪಾಯವೊಂದು ಸಿಕ್ಕಿದೆ. ನಿಯಮವನ್ನು ಪಾಲಿಸಿದ ಪುಣ್ಯ ನನಗೆ, ಓಕರಿಕೆ ಸೊಸೆಗೆ. ಇನ್ನೊಬ್ಬರ ಉಪವಾಸದಿಂದ ಏಕಾದಶಿ ಮಾಡಿದಂತಾಯಿತು.

ಇದರಲ್ಲಿ ದೇವರನ್ನು ವಂಚಿಸುವ ಪ್ರಯತ್ನವೂ ಉಂಟಷ್ಟೆ. ಬರಬೇಕಾದದ್ದನ್ನು ಔಷಧಿಯಿಂದ ತಡೆದು, ಬಂದಿಲ್ಲವಾದ್ದರಿಂದ ಮೈಲಿಗೆಯಿಲ್ಲವೆಂದು ದೇವರ ಮುಂದೆ ನಿಲ್ಲಿಸುವುದಾದರೆ, ಶುದ್ಧಿ ಬಂದದ್ದು ಎಲ್ಲಿಂದ? ಔಷಧಿ ಅಂಗಡಿಯಿಂದಲೆ? ಹೀಗೆ ಕೇಳಿದರೆ ಯಾರಲ್ಲಿಯೂ ಉತ್ತರವಿಲ್ಲ. ಒಳಗೊಳಗೆ ನಾವೆಲ್ಲರೂ ಬಲ್ಲೆವು, ನಾವು ಕಾಪಾಡುತ್ತಿರುವುದು ಶುದ್ಧಿಯನ್ನಲ್ಲ, ತೋರಿಕೆಯನ್ನು.

ತೋರಿಕೆಗಾಗಿ ಹೆಣ್ಣಿನ ಮೈಯನ್ನು ತಿದ್ದುವುದು ನಮ್ಮ ದೇಶದಲ್ಲಿ ಮಾತ್ರವೇನೂ ಅಲ್ಲ. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಗೆ ಅನುಮತಿ ದೊರೆಯಿತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಜಾನ್ ರಾಕ್ ಶ್ರದ್ಧಾವಂತ ಕ್ಯಾಥೊಲಿಕ್ ವೈದ್ಯರು. ಮೂರು ವಾರ ಮಾತ್ರೆ, ಒಂದು ವಾರ ಬಿಡುವು ಎಂಬ ಏರ್ಪಾಡಿನಿಂದ ಪ್ರತಿ ತಿಂಗಳೂ ರಕ್ತ ಕಾಣುವಂತಾಯಿತು. ಆ ಸ್ರಾವ ನಿಜವಾದ ಮುಟ್ಟಲ್ಲ. ಮಾತ್ರೆ ನಿಂತದ್ದರಿಂದ ಬರುವಂಥದು. ಅದು ಬರಲೇಬೇಕೆಂಬ ವೈದ್ಯಕೀಯ ಕಾರಣವಿರಲಿಲ್ಲ. ಆದರೆ ಬಂದರೆ ಎಲ್ಲವೂ ಸ್ವಾಭಾವಿಕವೆಂದು ಕಾಣುತ್ತಿತ್ತು. ರಾಕ್ ತಮ್ಮ ಚರ್ಚನ್ನು ಒಪ್ಪಿಸಲು ಬಹಳ ಶ್ರಮಪಟ್ಟರು. 1968ರಲ್ಲಿ ಪೋಪ್ ಒಪ್ಪದೆ ಹೋದರು. ವರ್ಷಕ್ಕೆ ನಾಲ್ಕೇ ಸಲ ಸ್ರಾವವಾಗುವ ಮಾತ್ರೆಗೆ ಅಲ್ಲಿ ಅನುಮತಿ ಸಿಕ್ಕಿದ್ದು 2003ರಲ್ಲಿ. ಅಲ್ಲಿ ಲೋಕದ ಕಣ್ಣಿಗಾಗಿ ರಕ್ತವನ್ನು ತರಿಸಿದರು. ಇಲ್ಲಿ ಲೋಕದ ಕಣ್ಣಿಗಾಗಿ ರಕ್ತವನ್ನು ತಡೆಯುತ್ತೇವೆ.

ಇಷ್ಟಕ್ಕೆ ಇಷ್ಟು ಮಾತು ಬೇಕೆ, ವರ್ಷಕ್ಕೊಂದು ಸಲ ಹತ್ತು ಮಾತ್ರೆಯ ವಿಷಯವಲ್ಲವೆ, ಎಂದು ಕೇಳುವವರಿದ್ದಾರೆ. ಅವರು ಬೀಡ್ ಜಿಲ್ಲೆಯ ಕಡೆ ಒಮ್ಮೆ ನೋಡಬೇಕು. ಮಹಾರಾಷ್ಟ್ರದ ಆ ಜಿಲ್ಲೆಯಿಂದ ಕಬ್ಬು ಕಡಿಯುವ ಗಂಡಹೆಂಡಿರು ಹಂಗಾಮಿಗೆ ಊರು ಬಿಟ್ಟು ಹೊರಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹೊಲಗಳಿಗೂ ಬರುತ್ತಾರೆ. ಒಂದು ದಿನ ಕೆಲಸ ತಪ್ಪಿದರೆ ಕೂಲಿ ಹೋಗುವುದಲ್ಲದೆ ದಂಡವನ್ನೂ ಕಟ್ಟಬೇಕು. 2019ರಲ್ಲಿ ಸರ್ಕಾರದ ಸಮಿತಿ ಸುಮಾರು 82 ಸಾವಿರ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. ಕಾರಣಗಳು ಹಲವು, ಲಾಭಕೋರ ವೈದ್ಯರೂ ಅದರಲ್ಲಿ ಸೇರಿದ್ದರು. ಆದರೆ ಮುಟ್ಟಿನ ದಿನಗಳನ್ನು ಕಾಯಲು ಕಬ್ಬಿನ ಹಂಗಾಮಿಗೆ ಪುರಸೊತ್ತಿಲ್ಲದ್ದೂ ಒಂದು ಕಾರಣ. ನನ್ನ ಛತ್ರಕ್ಕೂ ಆ ಕಬ್ಬಿನ ಗದ್ದೆಗೂ ಬಹಳ ದೂರವೆಂದು ನಾನು ಬಲ್ಲೆ. ಆದರೂ ಕೆಲಸ ಕಾಯುವುದಿಲ್ಲ, ಮೈಯೇ ಹೊಂದಿಕೊಳ್ಳಲಿ, ಎಂಬ ವಾಕ್ಯ ಎರಡು ಕಡೆಯೂ ಒಂದೇ.

ಕಾಯುವುದು ನಮಗೆ ತಿಳಿಯದ ವಿದ್ಯೆಯೂ ಅಲ್ಲ. ಮನೆಯಾಕೆಯ ತವರಿನ ಕಡೆ, ತುಳುನಾಡಿನಲ್ಲಿ, ಕೆಡ್ಡಸವೆಂಬ ಆಚರಣೆ ಉಂಟು. ಫೆಬ್ರವರಿಯ ನಡುವಿನಲ್ಲಿ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ. ಆ ಮೂರು ದಿನ ನೇಗಿಲು ಹೂಡುವಂತಿಲ್ಲ, ನೆಲ ಅಗೆಯುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ಹುರಿದ ಅಕ್ಕಿಯ ಪುಡಿಗೆ ಬೆಲ್ಲ ಹೆಸರುಕಾಳು ಸೇರಿಸಿದ ನನ್ನೇರಿಯನ್ನು ಹಂಚುತ್ತಾರೆ. ಕೊನೆಯ ದಿನ ನೆಲಕ್ಕೆ ಎಣ್ಣೆ ಬಿಡುತ್ತಾರೆ. ಅಲ್ಲಿ ಆ ಮೂರು ದಿನ ಮೈಲಿಗೆಯಲ್ಲ, ವಿಶ್ರಾಂತಿ. ಬೆಳೆ ಕೊಡುವ ನೆಲ ಮೂರು ದಿನ ಸುಮ್ಮನಿರಬೇಕೆಂದು ರೈತ ತನ್ನ ಕೆಲಸ ನಿಲ್ಲಿಸುತ್ತಾನೆ. ನನ್ನ ಶಾಂತಿ ನಡೆದದ್ದೂ ಕೆಡ್ಡಸದ ದಿನಗಳಲ್ಲಿಯೇ. ಅಲ್ಲಿ ಭೂಮಿಗಾಗಿ ಊರು ಕಾಯುತ್ತಿದ್ದಾಗ ಇಲ್ಲಿ ನಾವು ಊಟದ ಪಂಕ್ತಿಗಾಗಿ ಒಬ್ಬಳನ್ನು ತಡೆದು ನಿಲ್ಲಿಸಿದ್ದೆವು. ಈಚೆಗೆ ಸರ್ಕಾರವೂ ಕಾಯುವುದನ್ನು ಕಲಿಯುತ್ತಿದೆ: 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ಅದರ ಸಾಧಕ ಬಾಧಕಗಳ ಚರ್ಚೆ ಇರಲಿ. ಕಚೇರಿ ಒಪ್ಪಬಹುದಾದದ್ದನ್ನು ಮನೆ ಒಪ್ಪದಿರುವುದು ಚೆನ್ನಲ್ಲ.

ಉಳಿದದ್ದು ನನ್ನ ಪಾಲಿನ ಪ್ರಶ್ನೆ. ನನಗೆ ಗೊತ್ತಿರಲಿಲ್ಲ ಎಂಬ ಮಾತು ನನ್ನನ್ನು ಎಷ್ಟರಮಟ್ಟಿಗೆ ಕಾಪಾಡೀತು? ಸೊಸೆ ಗುಣಮುಖಳಾಗಿ ಬಂದಾಗ ಒಂದು ಸಂಜೆ ಧೈರ್ಯಮಾಡಿ ಹೇಳಿದೆ: ‘ಮಗು, ನನಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲಮ್ಮ.’ ಅವಳು ನಕ್ಕಳು. ‘ಹೇಳಿದ್ದರೆ ನೀವು ಏನು ಮಾಡುತ್ತಿದ್ದಿರಿ ಮಾವ?’ ಎಂದಳು.

ಚುಚ್ಚುವುದಕ್ಕಾಗಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. ದಿನ ಬದಲಾಯಿಸುತ್ತಿದ್ದೆ ಎನ್ನಲು ಬಾಯಿ ತೆರೆದವನು ಸುಳ್ಳಾಡಲಾರದೆ ಮುಚ್ಚಿದೆ. ಅವಳು ಹೇಳಿದ್ದರೆ ನಾನು ಮುಜುಗರಪಟ್ಟು, ‘ಅದನ್ನೆಲ್ಲ ನಿಮ್ಮ ಅತ್ತೆಯನ್ನು ಕೇಳಮ್ಮ’ ಎಂದು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಅತ್ತೆ ಮಾತ್ರೆ ಕೊಡುತ್ತಿದ್ದಳು. ಅಂದಮೇಲೆ ನನ್ನ ಅಜ್ಞಾನ ಆಕಸ್ಮಿಕವಲ್ಲ. ನಾನು ಬಹಳ ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ಸೌಕರ್ಯ ಅದು. ಇಂಥ ವಿಷಯಗಳಲ್ಲಿ ತಿಳಿಯದಿರುವುದೇ ಗಂಡಸಿನ ಸಭ್ಯತೆಯೆಂದು ನನಗೆ ಕಲಿಸಿದ್ದರು. ಅದರ ಲಾಭ ಯಾರಿಗೆಂದು ನಾನು ಕೇಳಿಕೊಂಡಿರಲಿಲ್ಲ. ಕಟ್ಟಳೆಯನ್ನು ನಡೆಸುವ ತೊಡಕೆಲ್ಲ ಹೆಂಗಸರ ಕೈಯಲ್ಲಿ. ಅದರ ಕಳಶದ ನೀರು ಮಾತ್ರ ನನ್ನ ತಲೆಯ ಮೇಲೆ. ಅತ್ತೆ ಸೊಸೆಯರ ನಡುವೆ ನಡೆದದ್ದೆಂದು ದೂರ ಸರಿದು ನಿಲ್ಲಲು ನನಗೆ ಹಕ್ಕಿಲ್ಲ.

ಹಾಗಾದರೆ ಏನು ಮಾಡೋಣ? ನನ್ನ ಅಭಿಪ್ರಾಯ ಕೇಳಿದರೆ, ಕಟ್ಟಳೆಯನ್ನೇ ಬಿಡೋಣವೆನ್ನುತ್ತೇನೆ. ಹೆಣ್ಣು ಯಾವ ಸ್ಥಿತಿಯಲ್ಲಿದ್ದರೂ ದೀಪ ಹಚ್ಚಿದರೆ ಉರಿಯುತ್ತದೆ. ಪುರೋಹಿತರ ಮುಂದೆ ಈ ಮಾತೆತ್ತಿದಾಗ ಅವರು ಸುತ್ತಲೂ ನೋಡಿ, ‘ನಾನು ಕೇಳುವುದಿಲ್ಲ, ನೀವು ಹೇಳಬೇಡಿ’ ಎಂದರು. ಅವರೂ ನನ್ನಂತೆಯೇ ಸಭ್ಯರು. ಮನೆಯಾಕೆ ಮಾತ್ರ ಒಪ್ಪಲಿಲ್ಲ. ಅರುವತ್ತು ವರ್ಷ ಮೈಗೂಡಿದ ನಂಬಿಕೆ ನನ್ನ ತರ್ಕಕ್ಕೆ ಅಲುಗುವುದಿಲ್ಲ. ಅಲುಗಬೇಕೆಂದು ಗದರಿಸಲು ಈಗ ನನಗೆ ಮುಖವೂ ಇಲ್ಲ.

ಆದರೆ ಹೋದ ಶ್ರಾವಣದಲ್ಲಿ ಒಂದು ಸಂಗತಿ ನಡೆಯಿತು. ಮಗನಿಗೆ ಬೆಂಗಳೂರಿಗೆ ವರ್ಗವಾಗಿ ಹಬ್ಬಹರಿದಿನಕ್ಕೆ ಅವರು ಬಂದುಹೋಗುವುದು ಸುಲಭವಾಗಿತ್ತು. 2025ರ ಆಗಸ್ಟ್ 8, ಶುಕ್ರವಾರ, ವರಮಹಾಲಕ್ಷ್ಮೀ ವ್ರತ. ಹಿಂದಿನ ಸಂಜೆ ಬಂದಿಳಿದ ಸೊಸೆ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಅಂಥ ಮಾತ್ರೆಯನ್ನು ಅವಳು ಇನ್ನೆಂದೂ ಮುಟ್ಟುವಂತಿಲ್ಲವೆಂದು ವೈದ್ಯರು ಹೇಳಿದ್ದರು. ನಾನು ಪತ್ರಿಕೆಯ ಹಿಂದಿನಿಂದ ನೋಡುತ್ತಿದ್ದೆ. ಅಡಿಗೆಮನೆಯಲ್ಲಿ ಹೋಳಿಗೆಗೆ ಕಡಲೆಬೇಳೆ ಅಳೆದಿಟ್ಟಿತ್ತು. ಕಲಶಕ್ಕೆ ಉಡಿಸುವ ಸೀರೆ ನೆರಿಗೆ ಹಿಡಿದು ಸಿದ್ಧವಾಗಿತ್ತು. ಬೀದಿಯ ಹತ್ತು ಮನೆಗೆ ಅರಿಸಿನ ಕುಂಕುಮಕ್ಕೆ ಕರೆದಾಗಿತ್ತು. ಸೊಸೆಯನ್ನು ಕೋಣೆಗೆ ಕಳಿಸಿ ತಾನೊಬ್ಬಳೇ ಪೂಜೆ ಮುಗಿಸಬಹುದಿತ್ತು.

ಮನೆಯಾಕೆ ಗೋಡೆಯ ಕ್ಯಾಲೆಂಡರಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬೇಳೆಯನ್ನು ಮರಳಿ ಡಬ್ಬಕ್ಕೆ ಸುರಿದಳು. ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಚಪ್ಪಲಿ ಮೆಟ್ಟಿಕೊಂಡು ಹೊರಟು, ಮಂಡಿನೋವಿನಲ್ಲಿ ಕುಂಟುತ್ತ ಹತ್ತು ಮನೆಗೂ ತಾನೇ ಹೋಗಿ ಹೇಳಿ ಬಂದಳು: ಈ ಶುಕ್ರವಾರ ನಮಗೆ ಅನುಕೂಲವಿಲ್ಲ, ಬರುವ ಶುಕ್ರವಾರ ಬನ್ನಿ, ಅಂದು ಹೇಗೂ ಸ್ವಾತಂತ್ರ್ಯ ದಿನದ ರಜೆ.

ಕಟ್ಟಳೆಯನ್ನು ಅವಳು ಬಿಡಲಿಲ್ಲ. ಆದರೆ ಈ ಸಲ ಅದರ ಬೆಲೆಯನ್ನು ತಾನೇ ಕೊಟ್ಟಳು. ನಮ್ಮಿಬ್ಬರ ವಾದ ಇನ್ನೂ ತೀರಿಲ್ಲ. ತೀರುವ ಅವಸರವೂ ನನಗಿಲ್ಲ. ಆಗಸ್ಟ್ 15ರಂದು ಸೊಸೆಯೇ ಕಲಶಕ್ಕೆ ಸೀರೆ ಉಡಿಸಿದಳು. ಲಕ್ಷ್ಮಿ ಒಂದು ವಾರ ಕಾದಿದ್ದಳು; ಅದಕ್ಕಾಗಿ ಮುನಿದಂತೆ ನನಗೇನೂ ಕಾಣಲಿಲ್ಲ.